ಪಲ್ಲವಿಯಲ್ಲಿ ನಿಲ್ಲುವವರು

ಟಿಕೆಟ್ ಕಾದಿರಿಸುವಾಗ ನಾನು ಒಂದು ತಪ್ಪು ಮಾಡಿದೆ. ಕೊನೆಯ ಪುಟದಲ್ಲಿ, ನಿಮ್ಮ ಜೊತೆ ಬರುವವರಲ್ಲಿ ಯಾರಿಗಾದರೂ ಗಾಲಿಕುರ್ಚಿ ಬೇಕೇ ಎಂದು ಕೇಳಿದ್ದರು. ಬೇಕು ಎಂದು ಒತ್ತಿದೆ. ಹೆಸರಿನ ಜಾಗದಲ್ಲಿ ಅಜ್ಜನ ಹೆಸರು ಹಸಿಂತೊ ಎಂದು ಬರೆದು ಮನೆಯ ಫೋನ್ ನಂಬರ್ ಕೊಟ್ಟೆ. ಅಜ್ಜನನ್ನು ಕೇಳಲಿಲ್ಲ. ಕೇಳಿದರೆ ಬೇಡ ಅನ್ನುತ್ತಾನೆಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಈ ಪ್ರವಾಸದ ಮಾತು ಶುರುವಾದದ್ದು ಅಜ್ಜಿಯಿಂದ. ಒಂದು ಸಂಜೆ ನಾನು ಬಂದರಿನ ಐಸ್ ಫ್ಯಾಕ್ಟರಿಯ ಕೆಲಸ ಮುಗಿಸಿ ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತು ಫೋನ್ ನೋಡುತ್ತಿದ್ದೆ. ರಾಜಧಾನಿಯಲ್ಲಿ ಹೊಸದೊಂದು ಸಂಗೀತ ನಾಟಕ ನಡೆಯುತ್ತಿತ್ತು. ಅದಕ್ಕೆ ವೇದಿಕೆಯೂ ಇಲ್ಲ, ಆಸನವೂ ಇಲ್ಲ. ಎಷ್ಟೋ ವರ್ಷದಿಂದ ಬೀಗ ಬಿದ್ದಿದ್ದ ಸಫೀರೊ ಎಂಬ ನೃತ್ಯಶಾಲೆಯನ್ನು ಬಾಡಿಗೆಗೆ ಹಿಡಿದು ಕಟ್ಟಡದ ತುಂಬ ನಾಟಕ ಆಡುತ್ತಿದ್ದರು. ಒಂದು ಕೋಣೆಯಲ್ಲಿ ಜಗಳ, ಮೆಟ್ಟಿಲ ಮೇಲೆ ಪ್ರೇಮ, ಅಡುಗೆಮನೆಯಲ್ಲಿ ಕೊಲೆ. ನೋಡಲು ಬಂದವರು ನಟರ ಹಿಂದೆ ಓಡಾಡಬೇಕು. ನಡುವಿನ ದೊಡ್ಡ ಸಭಾಂಗಣದಲ್ಲಿ ವಾದ್ಯದವರು ದಾನ್ಸೋನ್ ಎಂಬ ಹಳೆಯ ಜೋಡಿಕುಣಿತದ ಹಾಡು ನುಡಿಸುತ್ತಾರೆ, ಬೇಕಾದವರು ಕುಣಿಯಬಹುದು. ಅಜ್ಜಿ ನನ್ನ ಹೆಗಲ ಮೇಲಿಂದ ಬಗ್ಗಿ ಪಟ ನೋಡಿದಳು. ಪಟದಲ್ಲಿದ್ದ ಮೆಟ್ಟಿಲ ಮೇಲೆ ಬೆರಳಿಟ್ಟಳು. ಬೆರಳಿಗೆ ಮೆಕ್ಕೆಜೋಳದ ಹಿಟ್ಟು ಮೆತ್ತಿತ್ತು.

“ಇಲ್ಲೇ ನನ್ನ ಶೂ ಹೀಲು ಮುರಿದಿದ್ದು,” ಅಂದಳು. “ಹೋಗೋಣ.”

ನನ್ನ ಅಜ್ಜಿ ಒಬ್ದುಲಿಯಾ ಬೇಕಾದ್ದನ್ನು ಕೇಳಿ ಪಡೆಯುವ ಹೆಂಗಸು. ಹೊಸ ಫ್ರಿಜ್ ಬೇಕಾದಾಗ ಎರಡು ತಿಂಗಳು ದಿನಾ ಕೇಳಿದ್ದಳು. ಇದನ್ನು ಮಾತ್ರ ಒಂದೇ ಸಲ ಹೇಳಿ ರೊಟ್ಟಿ ತಟ್ಟಲು ಹೋದಳು. ಇದು ಫ್ರಿಜ್‌ನಂಥ ವಿಷಯ ಅಲ್ಲ ಎಂದು ನನಗೆ ಆಗಲೇ ತಿಳಿಯಿತು.

ಹೀಲಿನ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮದುವೆಯಾದ ವಾರದಲ್ಲಿ ಅಜ್ಜ ಅಜ್ಜಿ ನಮ್ಮ ಊರು ವೆರಾಕ್ರೂಸ್‌ನಿಂದ ರಾಜಧಾನಿಗೆ ಹೋಗಿ, ಒಂದು ಸಂಜೆ ಸಫೀರೊಗೆ ಹೋಗಿದ್ದರು. ಮೆಟ್ಟಿಲು ಇಳಿಯುವಾಗ ಅಜ್ಜಿಯ ಹೀಲು ಮುರಿಯಿತು. ಅವಳು ಎರಡೂ ಶೂ ಬಿಚ್ಚಿ ಬರಿಗಾಲಲ್ಲಿ ಕುಣಿಯಲು ನಿಂತಳು. ಹೆಂಡತಿ ಒಬ್ಬಳೇ ಬರಿಗಾಲಲ್ಲಿದ್ದರೆ ಚೆನ್ನಾಗಿರುವುದಿಲ್ಲ ಎಂದು ಅಜ್ಜನೂ ಬಿಚ್ಚಿದ. ಹಾಡು ಅರ್ಧವಾಗುವಷ್ಟರಲ್ಲಿ ಬಾಗಿಲಿನವನು ಬಂದು, ಇದು ಸಮುದ್ರದಂಡೆ ಅಲ್ಲ ಎಂದು ಹೇಳಿ ಇಬ್ಬರನ್ನೂ ಹೊರಗೆ ಕಳಿಸಿದ. ಐವತ್ತನಾಲ್ಕು ವರ್ಷವಾಯಿತು. ಆ ಹಾಡಿನ ಉಳಿದರ್ಧ ಹೇಗಿತ್ತು ಎಂದು ಅಜ್ಜಿ ಈಗಲೂ ಒಮ್ಮೊಮ್ಮೆ ಕೇಳುತ್ತಾಳೆ.

ತೊಂದರೆ ಇದ್ದದ್ದು ಅಜ್ಜನ ಸೊಂಟದಲ್ಲಿ. ಹೋದ ವರ್ಷ ಶಸ್ತ್ರಚಿಕಿತ್ಸೆಯಾಗಿತ್ತು. ನಡೆಯಬಹುದು, ತಿರುಗಬಾರದು ಎಂದು ಡಾಕ್ಟರು ಹೇಳಿದ್ದರು. ದಾನ್ಸೋನ್ ಅಂದರೆ ತಿರುಗುವುದೇ. ನಲವತ್ತು ವರ್ಷ ವಾರಕ್ಕೆರಡು ಸಂಜೆ ಊರ ಚೌಕದಲ್ಲಿ ಕುಣಿದವನು, ಈಗ ಆ ಕಡೆ ತಲೆ ಹಾಕುತ್ತಿರಲಿಲ್ಲ. ಕೇಳಿದರೆ ಚೌಕದ ವಾದ್ಯದವರು ಕೆಟ್ಟುಹೋಗಿದ್ದಾರೆ ಅನ್ನುತ್ತಿದ್ದ. ವಾದ್ಯದವರು ಮೊದಲಿನವರೇ. ಅವನಿಲ್ಲದೆ ಅಜ್ಜಿಯೂ ಹೋಗಲಿಲ್ಲ. ಅವಳ ಕುಣಿತದ ಬೀಸಣಿಗೆ ಡ್ರಾಯರಿನಲ್ಲಿ ಚಮಚಗಳ ಜೊತೆ ಬಿದ್ದಿತ್ತು. ಆಸ್ಪತ್ರೆಯಿಂದ ಕೊಟ್ಟ ಅಲ್ಯೂಮಿನಿಯಂ ವಾಕರ್ ಮೇಲೆ ಅಜ್ಜ ಟವೆಲ್ ಒಣಹಾಕಿ, ತಾನು ಕೋಲೂರಿ ನಡೆಯುತ್ತಿದ್ದ.

ನಾಟಕದವರಿಂದ ಫೋನ್ ಬಂದದ್ದು ಅಕ್ಟೋಬರ್ ಕೊನೆಯ ವಾರ, ಮಧ್ಯಾಹ್ನ ಊಟದ ಹೊತ್ತಿಗೆ. ಎತ್ತಿದವನು ಅಜ್ಜ. ಆ ಕಡೆಯ ಹುಡುಗನ ದನಿ ನಮಗೆಲ್ಲ ಕೇಳುವಷ್ಟು ಜೋರಾಗಿತ್ತು. ಗಾಲಿಕುರ್ಚಿಯಲ್ಲಿ ಬರುವ ಹಸಿಂತೊ ಅವರನ್ನು ಹಿಂದಿನ ಬಾಗಿಲಿನಿಂದ, ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಒಳಗೆ ಕರೆದುಕೊಳ್ಳುತ್ತೇವೆ ಎಂದು ಅವನು ವಿನಯದಿಂದಲೇ ಹೇಳಿದ.

ಅಜ್ಜ ನನ್ನನ್ನು ನೋಡಿದ. ನಾನು ತಟ್ಟೆಯಲ್ಲಿದ್ದ ಬಾಳೆಕಾಯಿ ನೋಡಿದೆ.

“ಹಸಿಂತೊ ತೀರ್ಕೊಂಡ್ರು,” ಅಂದ ಅಜ್ಜ. “ಹೌದಪ್ಪ, ಇದ್ದಕ್ಕಿದ್ದಂಗೆ. ಇಲ್ಲ, ಕಷ್ಟ ಏನೂ ಪಡ್ಲಿಲ್ಲ.” ಫೋನ್ ಇಟ್ಟು ಬಂದು ಬೀನ್ಸ್ ಮುಗಿಸಿದ.

ಸತ್ತವನು ಬಸ್ ಹತ್ತುವುದಿಲ್ಲ, ನೀವು ಮೂವರು ಹೋಗಿ ಬನ್ನಿ ಎಂದ. ಮೂರನೆಯವಳು ನನ್ನ ಚಿಕ್ಕಮ್ಮ ನಿಯೆವೆಸ್, ಪಕ್ಕದ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಅಮ್ಮ ಕಾನ್ಕುನ್‌ನ ಹೋಟೆಲೊಂದರಲ್ಲಿ ಕೆಲಸಕ್ಕಿರುವುದರಿಂದ ಲೆಕ್ಕದಲ್ಲಿ ಇರಲಿಲ್ಲ. ಜೋಡಿಯಿಲ್ಲದೆ ತಾನು ಹೋಗುವುದಿಲ್ಲ, ಸಫೀರೊಗೆ ಹೋಗಿ ಕಂಬ ಎಣಿಸಬೇಕಾಗಿಲ್ಲ ಎಂದು ಅಜ್ಜಿ ಹೇಳಿದಳು. ಆಮೇಲೆ ಅದರ ಮಾತೇ ಎತ್ತಲಿಲ್ಲ.

ಅಜ್ಜನ ಕ್ಷಮೆ ಕೇಳಲು ಹೋದೆ. ಅವನು ಹಿತ್ತಿಲಿನಲ್ಲಿ ರೇಡಿಯೋ ಬಿಚ್ಚಿಕೊಂಡು ಕೂತಿದ್ದ.

“ಕುರ್ಚಿ ಕೇಳಿದ್ದು ತಪ್ಪಲ್ಲ ಹುಡುಗಿ,” ಅಂದ. “ನನ್ನನ್ನ ಕೇಳ್ದೆ ನನ್ನ ಸೊಂಟದ ವಿಷ್ಯ ರಾಜಧಾನಿವರೆಗೂ ಹೇಳಿದ್ಯಲ್ಲ, ಅದು. ಬರಿಗಾಲಲ್ಲಿ ಹೊರಗೆ ಹಾಕಿಸ್ಕೊಂಡ ಜಾಗ ಅದು. ಅಲ್ಲಿಗೆ ಆಲೂಗಡ್ಡೆ ಮೂಟೆ ಥರ ಲಿಫ್ಟಲ್ಲಿ ಹೋಗ್ಲಾ?”

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಟಿಕೆಟ್ ವಾಪಸು ಮಾಡಲು ಕೊನೆಯ ದಿನ ನವೆಂಬರ್ ಹತ್ತು. ಹತ್ತರವರೆಗೆ ಕಾಯೋಣ ಎಂದುಕೊಂಡೆ.

ಅಷ್ಟರಲ್ಲಿ ಸತ್ತವರ ಹಬ್ಬ ಬಂತು. ಅಜ್ಜಿ ಪ್ರತಿ ವರ್ಷದಂತೆ ಹಜಾರದಲ್ಲಿ ಮೇಜು ಹಾಕಿ, ಚೆಂಡುಹೂ ಜೋಡಿಸಿ, ಹೋದವರ ಪಟಗಳನ್ನು ಸಾಲಾಗಿ ಇಟ್ಟಳು. ಅವಳ ಅಪ್ಪ ಅಮ್ಮ, ಮುಳುಗಿ ಸತ್ತ ಅಣ್ಣ, ನಾಯಿ. ನಾಯಿಯ ಪಕ್ಕದಲ್ಲಿ ಅಜ್ಜನ ಪಟ. ಬಂದರಿನ ಕ್ರೇನ್ ಮೇಲೆ ಕೂತು ಹಲ್ಲು ಬಿಟ್ಟ ಪಟ ಅದು. ಅದರ ಮುಂದೆ ಒಂದು ಸಿಹಿ ಬ್ರೆಡ್ಡು, ಒಂದು ಲೋಟ ಹಾಲುಕಾಫಿ. ಅಜ್ಜ ಬೆಳಿಗ್ಗೆ ಎದ್ದು ಬಂದು ಅದನ್ನು ನೋಡಿದ.

“ಏನೇ ಮುದುಕಿ ಇದು?”

“ಫೋನ್ ಬಂದಿತ್ತಲ್ಲ, ಮುದುಕ. ತೀರ್ಕೊಂಡ್ರಂತೆ.”

ಮದುವೆಯಾದ ಮೊದಲ ವರ್ಷದಿಂದಲೇ ಇಬ್ಬರೂ ಒಬ್ಬರನ್ನೊಬ್ಬರು ಕರೆಯುವುದು ಹೀಗೆ. ಅಜ್ಜ ಕುರ್ಚಿ ಎಳೆದುಕೊಂಡು ತನ್ನ ಪಟದ ಎದುರು ಕೂತು ಬ್ರೆಡ್ಡು ತಿಂದ, ಕಾಫಿ ಕುಡಿದ. ಸತ್ತವರಿಗೆ ಈ ಮನೆಯಲ್ಲಿ ಸಕ್ಕರೆ ಕಡಿಮೆ ಹಾಕುತ್ತಾರೆ ಎಂದ. ಎರಡನೆಯ ದಿನವೂ ತಿಂದ. ಪಟ ತೆಗೆ ಎಂದು ಮಾತ್ರ ಹೇಳಲಿಲ್ಲ.

ಒಂಬತ್ತನೆಯ ತಾರೀಖು ಚಿಕ್ಕಮ್ಮ ಬಂದಳು. ನೋಡುವವರೂ ಹಳೆಯ ಕಾಲದ ಉಡುಪಿನಲ್ಲಿ ಬರಬೇಕೆಂದು ನಾಟಕದವರು ಕೇಳಿದ್ದರಿಂದ ಅವಳು ಆಗಲೇ ಅಜ್ಜಿಗೆ ನೀಲಿ ಬಟ್ಟೆ ಕತ್ತರಿಸಿದ್ದಳು. ಹೋಗುತ್ತೀರೋ ಬಿಡುತ್ತೀರೋ, ಕತ್ತರಿಸಿದ ಬಟ್ಟೆಯನ್ನು ಹೊಲಿಯಲೇಬೇಕು ಎಂಬುದು ಅವಳ ವಾದ. ಅಜ್ಜಿಯನ್ನು ಅಡುಗೆಮನೆಯ ನಡುವೆ ನಿಲ್ಲಿಸಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅಂಚು ಅಳೆಯತೊಡಗಿದಳು. ಅಜ್ಜ ಒಲೆಯ ಪಕ್ಕದ ತನ್ನ ಕುರ್ಚಿಯಲ್ಲಿದ್ದ.

ನಾನು ಟಿಕೆಟ್ ವಾಪಸು ಮಾಡಲು ನಾಟಕದವರ ಪುಟ ತೆರೆದೆ. ತೆರೆದ ಕೂಡಲೇ ಅವರ ವಿಡಿಯೋ ತಾನಾಗಿ ಶುರುವಾಯಿತು. ಸಫೀರೊದ ಸಭಾಂಗಣ, ವಾದ್ಯದವರು, ಕುಣಿಯುವ ನಟರು. ಅಜ್ಜ ಕುತ್ತಿಗೆ ಚಾಚಿ ನೋಡಿದ.

“ಪಲ್ಲವಿಲಿ ಕುಣೀತಿದಾರೆ,” ಅಂದ. ಅವನ ದನಿಯಲ್ಲಿ ನಿಜವಾದ ಗಾಬರಿಯಿತ್ತು.

ದಾನ್ಸೋನ್‌ಗೆ ಒಂದು ಕಟ್ಟಳೆ ಇದೆ. ಪಲ್ಲವಿ ನುಡಿಸುವಾಗ ಯಾರೂ ಕುಣಿಯಬಾರದು. ಜೋಡಿಗಳು ಪಕ್ಕಪಕ್ಕದಲ್ಲಿ ತೋಳಿಗೆ ತೋಳು ಕೊಟ್ಟು, ವಾದ್ಯದವರ ಕಡೆ ಮುಖ ಮಾಡಿ ನಿಲ್ಲಬೇಕು. ಹೆಂಗಸರು ಬೀಸಣಿಗೆ ಬೀಸುತ್ತಾರೆ, ಗಂಡಸರು ಪರಿಚಯದವರಿಗೆ ತಲೆ ಬಾಗಿಸುತ್ತಾರೆ. ಹದಿನಾರು ಎಣಿಕೆ, ಮತ್ತೆ ಹದಿನಾರು. ಆಮೇಲೆ ರಾಗ ಬದಲಾದಾಗ ಹೆಜ್ಜೆ. ರಾಗ ಮುಗಿದರೆ ಪಲ್ಲವಿ ಮತ್ತೆ ಬರುತ್ತದೆ, ಎಲ್ಲರೂ ಮತ್ತೆ ನಿಲ್ಲುತ್ತಾರೆ. ನಮ್ಮ ಊರಿನಲ್ಲಿ ಪಲ್ಲವಿಯಲ್ಲಿ ಕಾಲೆತ್ತಿದವನು ಹೊರಗಿನವನು ಎಂದು ಚೌಕಕ್ಕೆಲ್ಲ ಗೊತ್ತಾಗುತ್ತದೆ. ನಾನು ಹದಿನಾಲ್ಕನೆಯ ವಯಸ್ಸಿನಲ್ಲಿ ಹಾಗೆ ಕಾಲೆತ್ತಿ, ಆಮೇಲೆ ಚೌಕಕ್ಕೆ ಹೋಗುವುದನ್ನೇ ಬಿಟ್ಟವಳು.

“ನಾಯಿ ಅಟ್ಟಿಸ್ಕೊಂಡು ಹೋದ ಕೋಳಿ ಥರ ಇದಾರೆ,” ಎಂದ ಅಜ್ಜ. “ಯಾರೂ ಹೇಳಿಕೊಡೋರಿಲ್ವಾ ಇವ್ರಿಗೆ? ಸರಿಯಾದ್ದೊಂದು ಹಾಕು, ಕಿವಿ ತೊಳ್ಕೊಳ್ಳೋಣ.”

ಹಳೆಯದೊಂದು ದಾನ್ಸೋನ್ ಹುಡುಕಿ ಹಾಕಿದೆ. ಪಲ್ಲವಿ ಶುರುವಾಯಿತು. ಅಜ್ಜಿ, ಲಂಗದ ತುಂಬ ಗುಂಡುಸೂಜಿ ಚುಚ್ಚಿಸಿಕೊಂಡವಳು, ತನಗೇ ಗೊತ್ತಿಲ್ಲದೆ ಬೆನ್ನು ನೆಟ್ಟಗೆ ಮಾಡಿ ಫೋನಿನ ಕಡೆ ಮುಖ ತಿರುಗಿಸಿದಳು. ಅಜ್ಜ ಕೋಲು ಹಿಡಿದು ಎದ್ದ. ಎರಡು ಹೆಜ್ಜೆ ಬಂದು ಅವಳ ಪಕ್ಕ ನಿಂತು ತೋಳು ಕೊಟ್ಟ. ಅದು ಅವನು ಯೋಚಿಸಿ ಮಾಡಿದ್ದಲ್ಲ. ಪಲ್ಲವಿ ನಡೆಯುತ್ತಿರುವಾಗ ಹೆಂಡತಿ ಒಬ್ಬಳೇ ನಿಂತಿರುವುದನ್ನು ಅವನ ಮೈ ನಲವತ್ತು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಇಬ್ಬರೂ ಫ್ರಿಜ್ ಮೇಲಿಟ್ಟ ಫೋನಿನ ಎದುರು ಗಂಭೀರವಾಗಿ ನಿಂತರು. ಚಿಕ್ಕಮ್ಮ ನೆಲದ ಮೇಲೆ ಮಂಡಿಯೂರಿದ್ದಲ್ಲೇ ಸೂಜಿ ಬಾಯಿಂದ ತೆಗೆದಳು.

ಹದಿನಾರು. ಮತ್ತೆ ಹದಿನಾರು. ರಾಗ ಶುರುವಾಯಿತು. ಅಜ್ಜಿ ಅವನ ಕಡೆ ತಿರುಗಿ ಕೈ ಎತ್ತಿದಳು, ಆಮೇಲೆ ಇಳಿಸಿದಳು.

“ನಿಲ್ಲೋಕೆ ಬರುತ್ತೆ ನಂಗೆ,” ಅಂದ ಅಜ್ಜ. “ನಿಲ್ಲೋದ್ರಲ್ಲಿ ನನ್ನ ಮೀರಿಸೋರು ಈ ಊರಲ್ಲಿ ಯಾರೂ ಇಲ್ಲ.” ಆಮೇಲೆ ನನ್ನ ಕಡೆ ತಿರುಗಿದ. “ಯೆಸೆನಿಯಾ, ಬಾ. ಅಜ್ಜಿ ಕೈ ಹಿಡ್ಕೊ. ಪಲ್ಲವಿ ನನ್ನದು, ಉಳಿದದ್ದು ನಿಂದು.”

ನನಗೆ ಬರುವುದಿಲ್ಲ ಎಂದೆ.

“ಗೊತ್ತು. ಊರಿಗೇ ಗೊತ್ತು. ಬಾ.”

ಹಾಗೆ ಇತ್ಯರ್ಥವಾಯಿತು. ಟಿಕೆಟ್ ವಾಪಸು ಮಾಡಲಿಲ್ಲ. ಮರುದಿನ ಅಜ್ಜ ತಾನೇ ರಾಜಧಾನಿಗೆ ಫೋನ್ ಮಾಡಿದ. ಅದೇ ಹುಡುಗ ಸಿಕ್ಕಿದ. ತಾನು ತೀರಿಕೊಂಡ ಹಸಿಂತೊನ ತಮ್ಮ, ಅಣ್ಣನ ಬದಲು ತಾನು ಬರುತ್ತಿದ್ದೇನೆ ಎಂದ. ಹುಡುಗ ಸಂತಾಪ ಹೇಳಿದ್ದಕ್ಕೆ ವಂದನೆ ಹೇಳಿದ. ಗಾಲಿಕುರ್ಚಿಯೂ ಬೇಡ, ಲಿಫ್ಟೂ ಬೇಡ, ಮೆಟ್ಟಿಲನ್ನು ನಿಧಾನವಾಗಿ ಹತ್ತಿ ಇಳಿಯುತ್ತೇನೆ, ವಾದ್ಯದವರ ಎಡಗಡೆ ಗೋಡೆಗೆ ಒಂದು ಮರದ ಕುರ್ಚಿ ಹಾಕಿಸಿ ಸಾಕು ಎಂದ. ಬಾಗಿಲಲ್ಲಿ ಬಂದವರಿಗೆಲ್ಲ ಬೇರೆ ಬೇರೆ ಬಣ್ಣದ ಪಟ್ಟಿ ಕಟ್ಟಿ ಒಂದೇ ಮನೆಯವರನ್ನು ಬೇರೆ ಬೇರೆ ಕೋಣೆಗಳಿಗೆ ಚದುರಿಸುತ್ತಾರೆಂದು ಪುಟದಲ್ಲಿ ಬರೆದಿತ್ತು. ನಮ್ಮ ನಾಲ್ವರಿಗೂ ಒಂದೇ ಬಣ್ಣ ಬೇಕು ಎಂದು ಹಟ ಹಿಡಿದು ಒಪ್ಪಿಸಿದ. ಕೊನೆಗೆ, ನಿಮ್ಮವರು ಪಲ್ಲವಿಯಲ್ಲಿ ಕುಣಿಯುತ್ತಿದ್ದಾರೆ, ಹಿರಿಯರು ಯಾರಾದರೂ ನೋಡಿದರೆ ಮರ್ಯಾದೆ ಹೋಗುತ್ತದೆ ಎಂದು ಎಚ್ಚರಿಸಿ ಫೋನ್ ಇಟ್ಟ.

ಮುಂದಿನ ಎರಡು ವಾರ ನನ್ನ ಸಂಜೆಗಳೆಲ್ಲ ಅಡುಗೆಮನೆಯಲ್ಲಿ ಹೋದವು. ಅಜ್ಜ ಒಲೆಯ ಪಕ್ಕ ಕೂತು ಕೋಲಿನಿಂದ ನೆಲ ಕುಟ್ಟಿ ಎಣಿಸುತ್ತಿದ್ದ. ದಾನ್ಸೋನ್ ಒಂದು ಹಂಚಿನಷ್ಟು ಜಾಗದಲ್ಲಿ ಕುಣಿಯುವ ಕುಣಿತ, ನಾನು ಅಡುಗೆಮನೆಯನ್ನೆಲ್ಲ ಬಳಸುತ್ತಿದ್ದೇನೆ ಎಂದು ಬೈಯುತ್ತಿದ್ದ. ತಪ್ಪು ನನ್ನದೆಂದು ನನಗೆ ಅನ್ನಿಸುತ್ತಿರಲಿಲ್ಲ. ಎಲ್ಲಿ ಶುರುಮಾಡಿದರೂ ಹೇಗೋ ಸರಿದು ಸರಿದು ಒಲೆಯ ಹತ್ತಿರ ಬಂದುಬಿಡುತ್ತಿದ್ದೆವು. ಮೇಜಿನ ಮೂಲೆ ದಿನಾ ನನ್ನ ಸೊಂಟಕ್ಕೆ ಬಡಿಯುತ್ತಿತ್ತು. ನೀನು ಎಳೆಯುತ್ತೀ ಎಂದು ಅಜ್ಜಿ ದೂರುತ್ತಿದ್ದಳು. ಐಸ್ ಫ್ಯಾಕ್ಟರಿಯಲ್ಲಿ ಗಡ್ಡೆ ಎಳೆದು ಅಭ್ಯಾಸ ಎಂದು ಅಜ್ಜ ದನಿಗೂಡಿಸುತ್ತಿದ್ದ. ನಾನು ಅಲ್ಲಿ ಬಿಲ್ ಬರೆಯುವವಳು.

ಪಲ್ಲವಿ ಬಂದಾಗಲೆಲ್ಲ ಅವನು ಎದ್ದು ಬಂದು ನನ್ನನ್ನು ಪಕ್ಕಕ್ಕೆ ಸರಿಸಿ ನಿಲ್ಲುತ್ತಿದ್ದ. ಮೊದಮೊದಲು ಕೋಲು ಹಿಡಿದು. ಆಮೇಲೆ ಕೋಲನ್ನು ಕುರ್ಚಿಗೆ ಒರಗಿಸಿಟ್ಟು, ಅಜ್ಜಿಯ ತೋಳು ಹಿಡಿದು.

ನವೆಂಬರ್ ಕೊನೆಯ ಶನಿವಾರ ಬೆಳಿಗ್ಗೆ ಬಸ್ ಹತ್ತಿದೆವು. ಹಿಂದಿನ ದಿನದಿಂದ ಉತ್ತರದ ಗಾಳಿ ಬೀಸುತ್ತಿತ್ತು, ಸ್ಟ್ಯಾಂಡಿನ ತಗಡುಗಳು ಬಡಿದುಕೊಳ್ಳುತ್ತಿದ್ದವು. ಚಿಕ್ಕಮ್ಮ ನೀಲಿ ಉಡುಪನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಳು. ಅಜ್ಜಿ ಬಾಳೆಯೆಲೆಯಲ್ಲಿ ಸುತ್ತಿದ ತಮಾಲೆ ಕಡುಬು ತಂದಿದ್ದಳು. ಬಸ್ಸು ಊರಿನ ಗಡಿ ದಾಟುವ ಮೊದಲೇ ಅಜ್ಜ ಎರಡು ತಿಂದ. ಆ ದಿನ ಚಿಕ್ಕಮ್ಮನ ಗೆಳತಿಯ ಮನೆಯಲ್ಲಿ ಉಳಿದು, ಮರುದಿನ ನಾಲ್ಕು ಗಂಟೆಯ ಆಟಕ್ಕೆ ಸಫೀರೊ ಮುಂದೆ ನಿಂತಿದ್ದೆವು.

ಬಾಗಿಲಲ್ಲಿ ಕೆಂಪು ಕೋಟಿನ ಬಾಗಿಲಿನವನಿದ್ದ. ಅವನೂ ನಟನೇ. ಒಳಗೆ ಬಿಡಬೇಕಾದರೆ ಶೂ ತೋರಿಸಿ ಎಂದು ಎಲ್ಲರನ್ನೂ ಗದರಿಸುತ್ತಿದ್ದ. ಅದು ನಾಟಕದ ಭಾಗ. ಅಜ್ಜ ಅವನನ್ನು ಮೇಲಿಂದ ಕೆಳಗೆ ನೋಡಿ, ನಮ್ಮನ್ನು ಹೊರಹಾಕಿದವನು ಇವನ ತಾತ ಇರಬೇಕು, ಮೂಗು ಅದೇ ಎಂದ. ಅಜ್ಜಿ ಹೊಸ ಶೂ ಮುಂದೆ ಮಾಡಿ ತೋರಿಸಿದಳು, ಹೀಲು ಗಟ್ಟಿ ಇದೆ ಎಂದು ಎರಡು ಸಲ ಕುಟ್ಟಿಯೂ ತೋರಿಸಿದಳು. ನಮ್ಮ ನಾಲ್ವರ ಮಣಿಕಟ್ಟಿಗೂ ಹಸಿರು ಪಟ್ಟಿ ಕಟ್ಟಿದರು.

ಮೆಟ್ಟಿಲು ಇಳಿಯಲು ಹತ್ತು ನಿಮಿಷ ಹಿಡಿಯಿತು. ಹಿಂದಿನವರು ಕಾದರು. ಇದೂ ನಾಟಕದ್ದೇ ಒಂದು ದೃಶ್ಯ ಎಂದುಕೊಂಡಿರಬೇಕು.

ವಾದ್ಯದವರ ಎಡಗಡೆ, ಹೇಳಿದ ಜಾಗದಲ್ಲೇ ಒಂದು ಮರದ ಕುರ್ಚಿ ಇತ್ತು. ಬೆನ್ನಿಗೆ ಕಾಗದ ಅಂಟಿಸಿದ್ದರು. ‘ದಿವಂಗತ ಹಸಿಂತೊ ಅವರ ತಮ್ಮನಿಗೆ ಮೀಸಲು.’ ಅಜ್ಜ ಅದನ್ನು ಓದಿ, ಕಿತ್ತು, ನಾಲ್ಕಾಗಿ ಮಡಿಸಿ ಕೋಟಿನ ಜೇಬಿನಲ್ಲಿಟ್ಟುಕೊಂಡ.

ನಾಟಕದ ಕಥೆ ಏನೆಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಹಸಿರು ಗೌನಿನ ಒಬ್ಬಳು ಅಳುತ್ತ ಮೆಟ್ಟಿಲು ಹತ್ತಿದಳು, ಜನರೆಲ್ಲ ಅವಳ ಹಿಂದೆ ಓಡಿದರು, ಚಿಕ್ಕಮ್ಮನೂ ಓಡಿದಳು. ಆಗಾಗ ಏದುಸಿರು ಬಿಡುತ್ತ ಬಂದು, ಅಡುಗೆಯವನೇ ಗಂಡನಂತೆ, ವಿಷ ಸೂಪಿನಲ್ಲಿತ್ತಂತೆ ಎಂದು ಸುದ್ದಿ ಹೇಳಿ ಮತ್ತೆ ಮಾಯವಾಗುತ್ತಿದ್ದಳು. ಸಭಾಂಗಣದಲ್ಲಿ ಉಳಿದವರು ನಾವು ಮೂವರು, ಇನ್ನೊಂದಿಷ್ಟು ಜೋಡಿಗಳು, ವಾದ್ಯದವರು.

ಪಲ್ಲವಿ ಶುರುವಾಯಿತು. ಅಜ್ಜ ಎದ್ದು ಬಂದು ನಿಂತ. ನಮ್ಮ ಸುತ್ತ ಇದ್ದವರೆಲ್ಲ ಕುಣಿಯತೊಡಗಿದರು. ನಟರ ಜೋಡಿಯೊಂದು ಮಾತ್ರ ನಮ್ಮನ್ನು ನೋಡಿ, ಎರಡು ಹೆಜ್ಜೆ ಹಾಕಿದವರು ನಿಂತರು. ಫೋನಿನ ಹುಡುಗ ಹೇಳಿದ್ದನೋ, ಅವರಿಗೇ ನಾಚಿಕೆಯಾಯಿತೋ. ಅಜ್ಜ ಅವರಿಗೆ ತಲೆ ಬಾಗಿಸಿದ. ಅಜ್ಜಿ ಬೀಸಣಿಗೆ ಬಿಚ್ಚಿದಳು. ಡ್ರಾಯರಿನ ವಾಸನೆ ಅದಕ್ಕೆ ಇನ್ನೂ ಇತ್ತು.

ಹದಿನಾರು, ಹದಿನಾರು. ಅಜ್ಜ ಕುರ್ಚಿಗೆ ಹೋದ, ನಾನು ಅಜ್ಜಿಯ ಕೈ ಹಿಡಿದೆ. ಮೊದಲ ಹೆಜ್ಜೆ ತಪ್ಪಿದೆ. ಎರಡನೆಯದು ಸರಿಹೋಯಿತು. ಇಲ್ಲಿ ಮೇಜಿಲ್ಲ, ಒಲೆಯಿಲ್ಲ, ನೆಲ ನುಣುಪಾಗಿ ನಾಲ್ಕೂ ಕಡೆ ಖಾಲಿ ಬಿದ್ದಿತ್ತು. ಎಲ್ಲಿ ಬೇಕಾದರೂ ಹೋಗಬಹುದಿತ್ತು. ನಾನು ನಡುವಿನ ದೊಡ್ಡ ದೀಪದ ಕಡೆ ಹೊರಟೆ. ಆದರೆ ರಾಗ ಮುಗಿದು ಪಲ್ಲವಿ ಬಂದಾಗ ನೋಡಿದರೆ ನಾವು ಅಜ್ಜನ ಕುರ್ಚಿಯ ಮುಂದಿದ್ದೆವು. ಅವನು ಎದ್ದ, ಎರಡೇ ಹೆಜ್ಜೆ, ಅಜ್ಜಿಯ ತೋಳು ಸಿಕ್ಕಿತು.

ಮುಂದಿನ ಸಲ ನಾನು ಗಮನ ಇಟ್ಟೆ. ಗಂಡಿನ ಜಾಗದಲ್ಲಿದ್ದವಳು ನಾನು, ನಡೆಸಬೇಕಾದವಳು ನಾನು. ಅಜ್ಜಿಯ ಎಡಗೈ ನನ್ನ ಭುಜದ ಮೇಲೆ ಹೂವಿನಷ್ಟು ಹಗುರವಾಗಿತ್ತು. ಆದರೆ ಪ್ರತಿ ತಿರುವಿನಲ್ಲೂ ಅವಳ ಹೆಬ್ಬೆರಳು ನನ್ನನ್ನು ಒಂದು ಕೂದಲೆಳೆಯಷ್ಟು ಒತ್ತುತ್ತಿತ್ತು. ಆ ಕೂದಲೆಳೆಯಷ್ಟರಲ್ಲಿ ನಾವು ಒಂದು ಗೇಣು ಎಡಕ್ಕೆ ಸರಿಯುತ್ತಿದ್ದೆವು. ಅವಳ ಕಣ್ಣು ನನ್ನ ಹೆಗಲಿನಾಚೆಗಿತ್ತು. ತುಟಿ ಎಣಿಸುತ್ತಿತ್ತು. ಕೊನೆಯ ಎಣಿಕೆಗೆ ಸರಿಯಾಗಿ ಕುರ್ಚಿಯಿಂದ ಎರಡು ಹೆಜ್ಜೆ ದೂರದಲ್ಲಿ ತಂದು ನಿಲ್ಲಿಸಿದಳು.

ಎರಡು ವಾರ ಮೇಜಿನ ಮೂಲೆ ಬಡಿಸಿಕೊಂಡದ್ದು ಯಾಕೆಂದು ಆಗ ತಿಳಿಯಿತು.

“ಅಜ್ಜಿ, ಎಳೀತಿದ್ದೋಳು ನೀನು,” ಎಂದು ಅವಳ ಕಿವಿಯಲ್ಲಿ ಹೇಳಿದೆ.

“ಬಾಯಿ ಮುಚ್ಚು,” ಅಂದಳು ಅಜ್ಜಿ. “ಅವನಿಗೆ ಕೇಳಿಸುತ್ತೆ.”

ಅಜ್ಜ ಬಂದು ನನ್ನನ್ನು ಪಕ್ಕಕ್ಕೆ ಸರಿಸಿದ. ಈಗ ಪರವಾಗಿಲ್ಲ, ಒಂದೇ ಜಾಗದಲ್ಲಿ ಕುಣಿಯಲು ಕಲಿತೆ ಎಂದು ನನ್ನನ್ನು ಹೊಗಳಿದ. ಅಜ್ಜಿ ಬೀಸಣಿಗೆ ಬಿಚ್ಚಿ ಮೊದಲು ತನಗೆ, ಆಮೇಲೆ ಅವನಿಗೆ ಬೀಸಿದಳು. ನಾನು ಎರಡು ಹೆಜ್ಜೆ ಹಿಂದೆ ಸರಿದು ಹದಿನಾರು ಎಣಿಸತೊಡಗಿದೆ. ಹಾಡಿನ್ನೂ ಅರ್ಧ ಉಳಿದಿತ್ತು.